ಹಿಮದ ನಾಡಿನ ಹೊಗೆಗೂಡು

ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ನಾವು ವಾಸವಾಗಿರುವ ಇಟ್ಟಿಗೆಯ ಮನೆ 1920ರ ದಶಕದ್ದು. ಮನೆಯನ್ನು ಬೆಚ್ಚಗಿಡುವ ಅನಿಲದ ಒಲೆಯ ಹೊಗೆ ಇಟ್ಟಿಗೆಯ ಹೊಗೆಗೂಡಿನ ಮೂಲಕ ಹೊರಹೋಗುತ್ತದೆ. ಅಡುಗೆಮನೆಯ ಗವಾಕ್ಷಿಯಿಂದ ಹೊಗೆ ಹೋಗುವುದನ್ನು ಕಂಡು ಬೆಳೆದ ನಮಗೆ ಇದರ ಆರೈಕೆ ಹೊಸ ಪಾಠವೇ ಆಯಿತು.

ಹೊಗೆಗೂಡಿಗೆ ಬೆಂಕಿಗಿಂತ ನೀರಿನ ಭಯವೇ ಹೆಚ್ಚು. ಮಾಡಿನ ಮೇಲೆ ನಾಲ್ಕು ದಿಕ್ಕಿಗೂ ತೆರೆದು ನಿಂತ ಇಟ್ಟಿಗೆಗಳು ಮಳೆಯ ಹಾಗೂ ಕರಗಿದ ಹಿಮದ ನೀರನ್ನು ಹೀರುತ್ತವೆ. ಹೆಪ್ಪುಗಟ್ಟುವಾಗ ನೀರಿನ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ಹಗಲು ಕರಗಿ ಇರುಳು ಹೆಪ್ಪುಗಟ್ಟುವ ಕ್ರಿಯೆ ಚಳಿಗಾಲದಲ್ಲಿ ಮತ್ತೆ ಮತ್ತೆ ನಡೆದು ಇಟ್ಟಿಗೆಯ ಮುಖವೇ ಕಳಚಿ ಬೀಳುತ್ತದೆ.

ನಮ್ಮ ಹೊಗೆಗೂಡಿನ ಸಂದುಗಳಿಗೆ ಹಿಂದೆ ಯಾರೋ ಗಟ್ಟಿ ಸಿಮೆಂಟ್ ತುಂಬಿದ್ದರು. ಸಿಮೆಂಟ್ ಭದ್ರವಾಗಿಯೇ ಉಳಿದಿತ್ತು. ಅದರ ಸುತ್ತಲಿನ ಇಟ್ಟಿಗೆಗಳು ಪುಡಿಯಾಗಿದ್ದವು. ದುರಸ್ತಿಗೆ ಬಂದ ಹಿರಿಯ ಗಾರೆ ಕೆಲಸಗಾರರು ಕಾರಣವನ್ನು ತಿಳಿಸಿದರು. ಹಳೆಯ ಇಟ್ಟಿಗೆ ಮೃದು. ಸಂದಿನ ಗಾರೆ ಅದಕ್ಕಿಂತಲೂ ಮೃದುವಾಗಿರಬೇಕು. ಆಗ ತೇವ ಸಂದಿನಿಂದಲೇ ಆರಿಹೋಗುತ್ತದೆ, ಸವೆಯುವುದೂ ಸಂದೇ. ಸವೆದ ಗಾರೆಯನ್ನು ಮತ್ತೆ ತುಂಬಬಹುದು. ಒಡೆದ ಇಟ್ಟಿಗೆಯನ್ನು ಕೂಡಿಸಲಾಗದು.

ಅವರು ಸಿಮೆಂಟನ್ನು ಸುಮಾರು 1 ಅಂಗುಲ ಆಳದವರೆಗೆ ಕೆತ್ತಿ ತೆಗೆದು ಸುಣ್ಣ ಹೆಚ್ಚಾಗಿರುವ ಗಾರೆ ತುಂಬಿದರು. ತಲೆಯ ಮೇಲಿನ ಕಾಂಕ್ರೀಟ್ ಹಾಸನ್ನು ಗೋಡೆಯಿಂದ 2 ಅಂಗುಲ ಹೊರಚಾಚಿಸಿ, ನೀರು ದೂರ ತೊಟ್ಟಿಕ್ಕುವಂತೆ ಇಳಿಜಾರು ಮಾಡಿದರು. ಮಾಡು ಹೊಗೆಗೂಡನ್ನು ಸೇರುವೆಡೆ ಹೊಸ ತಗಡು ಹೊದಿಸಿದರು. ತೇವವನ್ನು ಒಳಗೇ ಸೆರೆಹಿಡಿಯುವ ಬಣ್ಣವನ್ನು ಬಳಿಯಕೂಡದೆಂದರು. ಹಸಿ ಗಾರೆ ಹೆಪ್ಪುಗಟ್ಟಿದರೆ ಕೆಡುವುದರಿಂದ ಇವೆಲ್ಲವನ್ನೂ ಚಳಿಗೆ ಮುನ್ನವೇ ಮುಗಿಸಿದರು.

ಒಳಗಿನ ಮಣ್ಣಿನ ಕೊಳವೆಯೂ ಬಿರುಕು ಬಿಟ್ಟಿತ್ತು. ಅದರ ಪಕ್ಕದ ಕೋಣೆಯಲ್ಲಿಯೇ ಮಕ್ಕಳು ಮಲಗುತ್ತಿದ್ದರು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಅಂತಹ ಬಿರುಕಿನಿಂದ ಮನೆಯೊಳಕ್ಕೆ ನುಸುಳಿದರೆ ನಿದ್ರೆಯಲ್ಲಿಯೇ ಪ್ರಾಣ ಹೋಗಬಹುದು. ಕೊಳವೆಯೊಳಗೆ ಉಕ್ಕಿನ ಕೊಳವೆ ಇಳಿಸಿದ ಮೇಲೆಯೇ ನಮಗೆ ನೆಮ್ಮದಿ.

ಶೀತದೇಶಗಳಲ್ಲಿ ನೆಲೆಸಿರುವ ಶರಣಬಂಧುಗಳು ವರ್ಷಕ್ಕೊಮ್ಮೆ ಹೊಗೆಗೂಡನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಲಿ. ಮಲಗುವ ಕೋಣೆಗಳ ಬಳಿ ಈ ಅನಿಲವನ್ನು ಗುರುತಿಸಿ ಎಚ್ಚರಿಸುವ ಉಪಕರಣವನ್ನು ಇಡಲಿ. ಯಾರ ಕಣ್ಣಿಗೂ ಬೀಳದ ಎತ್ತರದಲ್ಲಿ ಪ್ರತಿಯೊಂದು ಸಂದನ್ನೂ ಪ್ರಾಮಾಣಿಕವಾಗಿ ತುಂಬಿದ ಆ ಹಿರಿಯರು ಕಾಯಕವೆಂಬ ಮಾತನ್ನು ಕೇಳಿದವರಲ್ಲ. ಆದರೂ ಕಾಯಕದ ಅರ್ಥವನ್ನು ಬಲ್ಲವರಾಗಿದ್ದರು.