ನನ್ನ ನಂಬರಿಗೆ ಬರುತ್ತಿದ್ದ ಒಟಿಪಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಕಿರವತ್ತಿಯಲ್ಲಿ ಪೇಡೆ ಅಂಗಡಿಗಿಂತ ಜೆರಾಕ್ಸ್ ಅಂಗಡಿಯಲ್ಲಿ ಗದ್ದಲ ಜಾಸ್ತಿ. ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯ ಮೇಲಿನ ಊರು ನಮ್ಮದು. ಯಲ್ಲಾಪುರ ತಾಲೂಕಿಗೆ ಸೇರಿದ್ದರೂ ಮಾತು, ಸಂತೆ, ಬಿಸಿಲು ಎಲ್ಲ ಅರ್ಧ ಕಲಘಟಗಿ ಕಡೆಯದು. ಸುತ್ತ ಕಾಡಿನಲ್ಲಿ ಸಿದ್ದಿಯರ ಕೇರಿಗಳು, ಗೌಳಿ ದೊಡ್ಡಿಗಳು, ಮರಾಠಿಗರ ಮನೆಗಳು. ಮಗ ಪಾಸಾದ, ಮಗಳು ಪಾಸಾದಳು ಎಂದು ಗೊತ್ತಾದ ಮರುದಿನವೇ ಅಪ್ಪಂದಿರು ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ತುಂಬಿಕೊಂಡು ಬಂದು ಜೆರಾಕ್ಸ್ ಅಂಗಡಿಯ ಮುಂದೆ ನಿಲ್ಲುತ್ತಾರೆ. ನಿಂತು, "ಮಾಸ್ತರ್ರು ಬರ್ಲಿ" ಅನ್ನುತ್ತಾರೆ.

ಆ ಮಾಸ್ತರು ನಾನು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ನಿವೃತ್ತಿಯ ಮೊದಲ ಬೇಸಿಗೆಯಲ್ಲಿ ಮಾಡಲು ಕೆಲಸವಿಲ್ಲದೆ ಯಾರದೋ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಟ್ಟೆ. ಅದು ಮಂಜೂರಾಯಿತು. ಅಲ್ಲಿಗೆ ನನ್ನ ಗ್ರಹಚಾರವೂ ಆ ಮಕ್ಕಳ ಗ್ರಹಚಾರವೂ ಒಟ್ಟಿಗೆ ಶುರುವಾಯಿತು.

ಅರ್ಜಿ ತುಂಬುವುದು ಸಣ್ಣ ಕೆಲಸವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಜಂಬಕ್ಕೆ ಸ್ವಲ್ಪವಾದರೂ ಆಧಾರ ಇತ್ತು ಅಂತ ನಿಮಗೆ ಗೊತ್ತಾಗಲಿ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಅದಕ್ಕೆ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಅದಕ್ಕೆ ನಾಡಕಚೇರಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹೆಸರು ಆಧಾರಿನಲ್ಲಿ ಒಂದು ಅಕ್ಷರ ಆಚೀಚೆ ಆಗಿದ್ದರೆ ಮತ್ತೆ ಮೊದಲಿಂದ. ಬ್ಯಾಂಕಿನಲ್ಲಿ ಖಾತೆ ಇದ್ದರೆ ಸಾಲದು, ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು. ಎರಡು ಖಾತೆ ಇದ್ದರೆ ಕೊನೆಗೆ ಜೋಡಣೆಯಾದದ್ದಕ್ಕೆ ದುಡ್ಡು ಬೀಳುತ್ತದೆ, ಹುಡುಗ ಮಾತ್ರ ಇನ್ನೊಂದರ ಪಾಸ್‌ಬುಕ್ ಹಿಡಿದು ತಿಂಗಳಾನುಗಟ್ಟಲೆ ಬ್ಯಾಂಕಿಗೆ ಅಲೆಯುತ್ತಿರುತ್ತಾನೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ಎಂಟನೇ ಕ್ಲಾಸಿನಲ್ಲಿ ಎನ್‌ಎಮ್‌ಎಮ್‌ಎಸ್ ಪರೀಕ್ಷೆ ಪಾಸು ಮಾಡಿದವರಿಗೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000. ಇಂಥದ್ದೆಲ್ಲ ನನಗೆ ಬಾಯಿಪಾಠ. ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ.

ಸಿದ್ದಿಯರ ಮಕ್ಕಳದು ಒಂದು ಲೆಕ್ಕಕ್ಕೆ ಸುಲಭ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು, ಅವರಿಗೊಂದು ದಾರಿ ಇದೆ. ಗೌಳಿಗರದು ಹಾಗಲ್ಲ. ತಲೆಮಾರುಗಳಿಂದ ಎಮ್ಮೆ ಕಟ್ಟಿಕೊಂಡು ಇದೇ ಕಾಡಿನಲ್ಲಿದ್ದಾರೆ, ಎಸ್‌ಟಿ ಬೇಡಿಕೆ ಬೇಡಿಕೆಯಾಗಿಯೇ ಉಳಿದಿದೆ. ಎಷ್ಟೋ ಮನೆಗಳಿಗೆ ಪಹಣಿಯೇ ಇಲ್ಲ, ಇರುವುದು ಅತಿಕ್ರಮಣ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಟ್ಟಾ ಕೇಳಿದರೆ ಪಂಗಡದವರಲ್ಲದ್ದಕ್ಕೆ 75 ವರ್ಷದ ದಾಖಲೆ ಕೊಡಿ ಅನ್ನುತ್ತಾರೆ. 2021ರಲ್ಲಿ ರೈತ ವಿದ್ಯಾನಿಧಿ ಬಂತು, ಅದಕ್ಕೆ ರೈತರ ನೋಂದಣಿಯ ಫ್ರೂಟ್ಸ್ ನಂಬರ್ ಕೇಳಿದರು, ಫ್ರೂಟ್ಸ್ ನಂಬರಿಗೆ ಜಮೀನು ಬೇಕು. ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೂ ಜಮೀನಿನ ದಾಖಲೆ. ಹುಟ್ಟಿದಾಗಿನಿಂದ ಸಗಣಿ ಬಾಚಿದ ಮಗು ಕಾಗದದ ಮೇಲೆ ಕೃಷಿಕರ ಮಗು ಅಲ್ಲ.

ಅಂಥ ಒಂದು ದೊಡ್ಡಿಯ ಹುಡುಗಿ ಯಲ್ಲಾಪುರಕ್ಕೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಸೈನ್ಸ್ ಮುಗಿಸಿದ್ದಳು. ಸಿಇಟಿ ಅರ್ಜಿಯಲ್ಲಿ ರೈತ ಕೋಟಾ ಹಾಕುವಂತಿರಲಿಲ್ಲ. ಒಂದರಿಂದ ಹತ್ತರ ತನಕ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವಳಾದ್ದರಿಂದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗಳನ್ನು ನಾನೇ ಹುಡುಕಿ ಹಾಕಿದೆ. ಮೊದಲ ಸುತ್ತಿನಲ್ಲೇ ಶಿರಸಿಯ ಅರಣ್ಯ ಕಾಲೇಜಿನಲ್ಲಿ ಸೀಟು ಬಂತು. ಎಮ್ಮೆ ಕಾಡಿಗೆ ನುಗ್ಗಿತೆಂದು ಗಾರ್ಡುಗಳಿಂದ ಬೈಸಿಕೊಂಡೇ ಬೆಳೆದವರ ಮನೆಯ ಹುಡುಗಿ ಬಿ.ಎಸ್ಸಿ. ಫಾರೆಸ್ಟ್ರಿ! ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಹೆಸರನ್ನೂ ಸೇರಿಸಿಯೇ ಹೇಳುತ್ತಿದ್ದೆ.

ಇನ್ನು ನನ್ನ ಡೈರಿಯ ವಿಷಯ. ಕೆಂಪು ರಟ್ಟಿನ ಸಹಕಾರಿ ಸಂಘದ ಡೈರಿ. ಅದರಲ್ಲಿ ಪುಟಕ್ಕೊಬ್ಬರಂತೆ ಮಕ್ಕಳ ಹೆಸರು, ಅರ್ಜಿ ಸಂಖ್ಯೆ, ಯೂಸರ್ ಐಡಿ, ಪಾಸ್‌ವರ್ಡ್. ಎಲ್ಲರ ಅರ್ಜಿಯಲ್ಲೂ ಮೊಬೈಲ್ ನಂಬರ್ ಅನ್ನುವ ಜಾಗದಲ್ಲಿ ನನ್ನದೇ ನಂಬರ್. ಅಪ್ಪಂದಿರು ಸಿಮ್ ಬದಲಿಸುತ್ತಾರೆ, ರೀಚಾರ್ಜ್ ಮಾಡುವುದಿಲ್ಲ, ದೊಡ್ಡಿಯಲ್ಲಿ ನೆಟ್‌ವರ್ಕ್ ಇಲ್ಲ ಎಂದು ಕಾರಣ ಕೊಡುತ್ತಿದ್ದೆ. ಸುಳ್ಳೇನಲ್ಲ. ಆದರೆ ಇನ್ನೊಂದು ಕಾರಣವಿತ್ತು. ಯಾರದೋ ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ ಮೊಬೈಲ್ ಟಿಂಗ್ ಅಂದರೆ, ಎಡಗೈಯಲ್ಲಿ ತೆಗೆದು ನೋಡಿ, "ತಡೀರಿ, ಒಂದು ಮಗುವಿನ ಒಟಿಪಿ ಬಂತು" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳುವ ಸುಖ. ಪಾಯಸ ಬಡಿಸುವವನೂ ನಿಂತು ನೋಡುತ್ತಿದ್ದ. ಪೆನ್ಷನ್ ಕೊಡದ ಏನೋ ಒಂದು ಅದರಲ್ಲಿತ್ತು.

ಸೀಟು ಬಂದ ಮೇಲೆ ಕೆಲಸ ಮುಗಿಯುವುದಿಲ್ಲ. ಕೊಟ್ಟ ದಿನಾಂಕದೊಳಗೆ ಪರೀಕ್ಷಾ ಪ್ರಾಧಿಕಾರದ ಪೋರ್ಟಲಿಗೆ ಹೋಗಿ ಚಾಯ್ಸ್ ಹಾಕಬೇಕು. ಒಂದನೆಯದು, ಈ ಸೀಟೇ ಸಾಕು, ಫೀ ಕಟ್ಟಿ ಸೇರುತ್ತೇನೆ. ಎರಡನೆಯದು, ಇದು ಇರಲಿ, ಮುಂದಿನ ಸುತ್ತನ್ನೂ ನೋಡುತ್ತೇನೆ. ಮೂರು, ಇದು ಬೇಡ, ಮುಂದಿನದಕ್ಕೆ ಕಾಯುತ್ತೇನೆ. ನಾಲ್ಕು, ನನಗೆ ಏನೂ ಬೇಡ. ಯಾವುದನ್ನೂ ಹಾಕದಿದ್ದರೆ ನಾಲ್ಕು ಹಾಕಿದ ಹಾಗೆಯೇ. ಇದನ್ನೆಲ್ಲ ಅವಳ ಅಪ್ಪನಿಗೆ ಜಗುಲಿಯಲ್ಲಿ ಕೂರಿಸಿಕೊಂಡು ವಿವರಿಸಿದ್ದೆ. ದುಡ್ಡಿನ ವಿಷಯವನ್ನಂತೂ ಒತ್ತಿ ಹೇಳಿದ್ದೆ: "ಸ್ಕಾಲರ್‌ಶಿಪ್ ಬರೋದು ವರ್ಷದ ಕೊನೆಗೆ, ಫೀ ಕಟ್ಟೋದು ಈಗ. ಕೈಯಲ್ಲಿ ರೊಕ್ಕ ಇಟ್ಟುಕೊಂಡಿರು." ಆತ ತಲೆಯಾಡಿಸಿ ಹೋದ. ಆ ವಾರವೇ ಹಾಲು ಕೊಡುತ್ತಿದ್ದ ಎಮ್ಮೆಯೊಂದನ್ನು ಮಾರಿದ.

ಅಷ್ಟರಲ್ಲಿ ಸಿದ್ದಾಪುರ ತಾಲೂಕಿನ ನಮ್ಮ ಮೂಲಮನೆಯಲ್ಲಿ ಅಣ್ಣನ ಮೊಮ್ಮಗನ ಉಪನಯನ. ಹೋಗಿ ಬಂದು ಚಾಯ್ಸ್ ಹಾಕಿದರಾಯಿತು, ದಿನ ಇದೆಯಲ್ಲ ಅಂದುಕೊಂಡೆ. ಡೈರಿಯನ್ನು ಚೀಲಕ್ಕೆ ಹಾಕಿಕೊಂಡೇ ಹೊರಟೆ. ಎಲ್ಲಿ ಹೋದರೂ ಅದು ಜೊತೆಗಿರಬೇಕು ನನಗೆ. ಘಟ್ಟದ ಅಂಚಿನ ಆ ಕೊಳ್ಳದಲ್ಲಿ ಒಳ್ಳೆಯ ದಿನದಲ್ಲೇ ಮೊಬೈಲಿಗೆ ರೇಂಜ್ ಸಿಗಬೇಕಾದರೆ ಗುಡ್ಡದ ತಲೆಗೆ ಹೋಗಬೇಕು. ಆ ಸಲ ಮಳೆ ಹಿಡಿದದ್ದು ಬಿಡಲಿಲ್ಲ. ಮರ ಬಿದ್ದು ಕರೆಂಟು ಹೋಯಿತು, ಹಳ್ಳ ತುಂಬಿ ಬಸ್ಸು ನಿಂತಿತು, ಲ್ಯಾಂಡ್‌ಲೈನ್ ಸತ್ತು ಎಷ್ಟೋ ವರ್ಷವಾಗಿತ್ತು. ನಾನು ಚಾರ್ಜಿಲ್ಲದ ಮೊಬೈಲನ್ನು ಚೀಲದಲ್ಲಿಟ್ಟು, ಬೆಚ್ಚಗೆ ಬಚ್ಚಲೊಲೆಯ ಮುಂದೆ ಕೂತು ಹಲಸಿನ ಹಪ್ಪಳ ತಿಂದೆ. ಮಧ್ಯೆ ಮಧ್ಯೆ ದಿನಾಂಕ ನೆನಪಾಗುತ್ತಿತ್ತು. ಕೊನೆಯ ದಿನವನ್ನು ಇವರು ಹೇಗೂ ಮುಂದೂಡುತ್ತಾರೆ, ಪ್ರತಿವರ್ಷ ಮುಂದೂಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅಣ್ಣನಿಗೂ ಹೇಳಿದೆ.

ಆ ವರ್ಷ ಮುಂದೂಡಲಿಲ್ಲ.

ವಾಪಸು ಬರುವಾಗ ಶಿರಸಿಯ ಹೋಟೆಲೊಂದರಲ್ಲಿ ಮೊಬೈಲ್ ಚಾರ್ಜಿಗೆ ಹಾಕಿ ಚಹಾ ಹೇಳಿದೆ. ಫೋನಿಗೆ ಜೀವ ಬಂದದ್ದೇ ಟಿಂಗ್ ಟಿಂಗ್ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಎಲ್ಲ ಒಟಿಪಿ. ಬೆಳಿಗ್ಗೆ 10:42ಕ್ಕೆ ಒಂದು, 10:53ಕ್ಕೆ ಒಂದು, ಮಧ್ಯಾಹ್ನ ಮತ್ತೆ, ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಮತ್ತೆ. ಪಾಸ್‌ವರ್ಡ್ ನನ್ನ ಡೈರಿಯಲ್ಲಿ, ಡೈರಿ ನನ್ನ ಚೀಲದಲ್ಲಿ. ಹುಡುಗಿ ಜೆರಾಕ್ಸ್ ಅಂಗಡಿಯಲ್ಲಿ ಕೂತು 'ಪಾಸ್‌ವರ್ಡ್ ಮರೆತಿರುವಿರಾ' ಎಂಬಲ್ಲಿ ಒತ್ತಿದ್ದಾಳೆ, ನಂಬರು ನನ್ನ ಫೋನಿಗೆ ಬಂದಿದೆ, ಅದರ ಆಯುಷ್ಯ ಮುಗಿದಿದೆ, ಮತ್ತೆ ಒತ್ತಿದ್ದಾಳೆ. ಆರಂಕಿಯ ಆ ಸಂಖ್ಯೆಗಳ ಸಾಲನ್ನು ಬೆರಳಿನಿಂದ ಕೆಳಗೆ ಜಾರಿಸುತ್ತಾ ಕೂತೆ. ಚಹಾ ಕೆನೆಗಟ್ಟಿತು. ಕೊನೆಯ ಒಟಿಪಿ ಬಂದದ್ದು ಹಿಂದಿನ ದಿನ ರಾತ್ರಿ.

ಮನೆಗೆ ಬಂದರೆ ಅಪ್ಪ-ಮಗಳು ಜಗುಲಿಯಲ್ಲೇ ಇದ್ದರು. ಹಿಂದಿನ ದಿನವೂ ಬಂದು ಕೂತಿದ್ದರಂತೆ, ನನ್ನವಳು ಊಟಕ್ಕೆ ಕರೆದರೆ ಒಲ್ಲೆ ಅಂದರಂತೆ. ಆಗ ನಾನು ಮಾಡಿದ ಕೆಲಸವನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. ಚೀಲ ಕೆಳಗಿಡುವ ಮೊದಲೇ, "ಸರ್ವರ್ ತೊಂದರೆ ಆಗಿರ್ತದೆ. ಇದು ಪ್ರತಿವರ್ಷದ ಗೋಳು. ನಾನು ಬೆಂಗಳೂರಿಗೆ ಮಾತಾಡ್ತೇನೆ" ಅಂದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂದವನ ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂತೀರಿ!

ಹುಡುಗಿ ಸಿಟ್ಟಾಗಲಿಲ್ಲ. "ಇಲ್ಲ ಸರ್, ಸರ್ವರ್ ಸರಿ ಇತ್ತು. ಒಟಿಪಿ ನಿಮ್ಮ ನಂಬರಿಗೆ ಹೋಗ್ತಿತ್ತು" ಅಂದಳು.

ಅವಳ ಅಪ್ಪನಿಗೆ ಒಟಿಪಿ ಅಂದರೇನೆಂದು ಗೊತ್ತಿರಲಿಲ್ಲ. ತಮ್ಮ ಭಾಷೆಯಲ್ಲಿ ಏನೋ ಕೇಳಿದ, ಅವಳು ಏನೋ ಹೇಳಿದಳು. ಆತ ನನ್ನ ಮುಖ ನೋಡಲಿಲ್ಲ. ನನ್ನ ಅಂಗಿಯ ಜೇಬನ್ನು ನೋಡಿದ. ಮೊಬೈಲ್ ಅಲ್ಲೇ ಇತ್ತು. ತೆಗೆದು ಬೇರೆಲ್ಲಾದರೂ ಇಡಬೇಕು ಅನ್ನಿಸಿತು, ಇಡಲು ಕೈ ಏಳಲಿಲ್ಲ. ಒಳಗಿನಿಂದ ನನ್ನವಳು, "ಎಂತ ಮಾಡಿ ಹಾಕಿದ್ರಿ ನೀವು?" ಅಂದದ್ದು ಎಲ್ಲರಿಗೂ ಕೇಳಿಸಿತು.

ಆಮೇಲೆ ಮಾಡುವುದನ್ನೆಲ್ಲ ಮಾಡಿದೆ. ಫೋನು, ಪತ್ರ, ಗೊತ್ತಿದ್ದವರ ಗೊತ್ತಿದ್ದವರು. ನಿಯಮದಲ್ಲಿ ಅವಕಾಶವಿಲ್ಲ ಅಂದರು, ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮುಂದಿನ ಸುತ್ತಿಗೂ ಅವಳು ಇರಲಿಲ್ಲ. ಎಮ್ಮೆಯ ದುಡ್ಡನ್ನು ನಾನು ಕೊಡುತ್ತೇನೆ ಎಂದು ಹೇಳಲು ಒಂದು ಸಂಜೆ ದೊಡ್ಡಿಗೆ ಹೋದೆ. ಆತ ಹಾಲಿನ ಕ್ಯಾನು ತೊಳೆಯುತ್ತಿದ್ದ. "ಎಮ್ಮಿ ಮಾರಿದಾಂವ ನಾನು, ನೀವ್ಯಾಕ ಕೊಡ್ತೀರಿ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಬ್ಯಾರೆ ಯಾವ ಕಾಲೇಜು ಐತಿ, ಅದನ್ನ ಹೇಳ್ರಿ" ಅಂದ. ಕ್ಷಮೆ ಕೇಳಲು ಹೋದವನು ಕಾಲೇಜುಗಳ ಹೆಸರು ಹೇಳಿ, ಬಿಸಿ ಹಾಲು ಕುಡಿದು ಬಂದೆ. ಕ್ಷಮೆಯ ಮಾತು ಬಾಯಿಗೆ ಬರಲೇ ಇಲ್ಲ.

ಹುಡುಗಿ ಸಾದಾ ಬಿ.ಎಸ್ಸಿ.ಗೆ ಸೇರಿದಳು. ಎಮ್ಮೆಯ ದುಡ್ಡಿನಲ್ಲಿ ಫೀ, ಪುಸ್ತಕ, ಒಂದು ಟ್ರಂಕು, ಹಾಸ್ಟೆಲಿಗೆ ಹಾಸಿಗೆ. ಮೊದಲ ವರ್ಷದ ವಿದ್ಯಾರ್ಥಿವೇತನ ಕೈಗೆ ಬಂದಾಗ ಎರಡನೇ ವರ್ಷದ ಫೀ ಕಟ್ಟಿ ಆಗಿತ್ತು. ಈಗ ಬಿ.ಎಡ್. ಓದುತ್ತಿದ್ದಾಳೆ. ಚೆನ್ನಾಗಿದ್ದಾಳೆ ಎಂದು ಹೇಳಿ ನಾನು ಹಗುರಾಗುವಂತಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದಲ್ಲ.

ನನ್ನ ಬುದ್ಧಿ ಓಡಿದ್ದು ನಿಧಾನವಾಗಿ. ಆ ಅಪ್ಪನಿಗೆ ಫೋನು ನೋಡಿಕೊಳ್ಳಲು ಬರುವುದಿಲ್ಲ ಅಂತ ನಾನು ತೀರ್ಮಾನಿಸಿದ್ದೆನಲ್ಲ, ಕಿರವತ್ತಿಯ ಚಹಾ ಅಂಗಡಿಗಳ ತಿಂಗಳ ಹಾಲಿನ ಬಾಕಿಯನ್ನೆಲ್ಲ ಆತ ಚೀಟಿ ಇಲ್ಲದೆ ಹೇಳುತ್ತಾನೆ. ಮಗಳಿಗೆ ನನಗಿಂತ ಚೆನ್ನಾಗಿ ಮೊಬೈಲ್ ಗೊತ್ತು. ಅವರನ್ನು ಒಂದು ಮಾತೂ ಕೇಳಲಿಲ್ಲ ನಾನು. ಗಣಿತದ ಕ್ಲಾಸಿನಲ್ಲಿ ಹುಡುಗರು ಉತ್ತರ ಕಾಪಿ ಮಾಡಿದರೆ ಕಿವಿ ಹಿಂಡುತ್ತಿದ್ದೆ. ಇಲ್ಲಿ ನಾನೇ ಲೆಕ್ಕ ಮಾಡಿ, ನಾನೇ ಉತ್ತರ ಬರೆದು, ಹಾಳೆಯನ್ನೂ ನನ್ನ ಹತ್ತಿರವೇ ಇಟ್ಟುಕೊಂಡೆ.

ಮರುವರ್ಷ ಬೇಸಿಗೆ ರಜೆಗೆ ಆ ಹುಡುಗಿಯೇ ಬಂದು, "ಸರ್, ಎಲ್ಲರ ನಂಬರ್ ಚೇಂಜ್ ಮಾಡಿಸೋಣ" ಅಂದಳು. ಮಾಡಿಸೋಣ ಅಂದಳು, ಮಾಡಿಸಿ ಅನ್ನಲಿಲ್ಲ. ಆಧಾರಿಗೆ ಅವರವರ ಮೊಬೈಲ್ ಜೋಡಿಸಲು ಒಬ್ಬೊಬ್ಬ ಅಮ್ಮನನ್ನೂ ಕರೆದುಕೊಂಡು ಪೋಸ್ಟ್ ಆಫೀಸಿಗೆ ಹೋದಳು, ಆಗ ಅದಕ್ಕೆ 50 ರೂಪಾಯಿ. ಅಪ್ಪಂದಿರ ನಂಬರಿಗಿಂತ ಅಮ್ಮಂದಿರದು ಗಟ್ಟಿ, ಅವರು ಸಿಮ್ ಬದಲಿಸುವುದಿಲ್ಲ ಎಂಬುದು ಅವಳ ಅನುಭವ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಯಲ್ಲಾಪುರದ ಬ್ಯಾಂಕಿಗೆ ಹೋಗಿಬರಲು ಅವರೇ ಅನುಕೂಲವಂತೆ. ಡೈರಿಯ ಪುಟಗಳನ್ನು ಹರಿದು ಅವರವರಿಗೆ ಕೊಟ್ಟೆವು. ಕೊಡುವಾಗ ನನಗೆ ಸಂಕಟವಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಈಗಲೂ ಜೆರಾಕ್ಸ್ ಅಂಗಡಿಗೆ ಹೋಗುತ್ತೇನೆ. ಕೀಬೋರ್ಡ್ ಮುಟ್ಟುವುದಿಲ್ಲ, ಪಕ್ಕದ ಸ್ಟೂಲಿನಲ್ಲಿ ಕೂರುತ್ತೇನೆ. ಹುಡುಗರು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ, ತಪ್ಪು ಮಾಡುತ್ತಾರೆ, ಅಳಿಸುತ್ತಾರೆ. ಅಂಗಡಿಯವನಿಗೆ ನನ್ನ ಮೇಲೆ ಅಸಮಾಧಾನ. "ಮೊದ್ಲ ನೀವ ಹತ್ತು ನಿಮಿಷಕ್ಕ ಮುಗಸ್ತಿದ್ರಿ, ಈಗ ಒಬ್ಬನ ತಾಸುಗಟ್ಟಲೆ ಕೂಡ್ತಾನ, ನನ್ನ ಗಿರಾಕಿ ಹೋಗ್ತಾವ" ಅನ್ನುತ್ತಾನೆ. ಚಹಾ ತರಿಸಿ ಸಮಾಧಾನ ಮಾಡುತ್ತೇನೆ.

ಒಬ್ಬ ಹುಡುಗನದು ಮಾತ್ರ ಉಳಿದುಬಿಟ್ಟಿದೆ. ಓದು ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಅವನ ಯಾವುದೋ ಖಾತೆಯ ಒಟಿಪಿ ಇನ್ನೂ ನನಗೇ ಬರುತ್ತದೆ. ಹೋದ ತಿಂಗಳು ಮಧ್ಯಾಹ್ನದ ನಿದ್ದೆಯಲ್ಲಿ ಫೋನು ಬಂತು. "ಸರ್, ನಂಬರ್ ಹೇಳ್ರಿ ಲಗೂನ" ಅಂದ. "ಇನ್ನೂ ಬದಲಿಸಿಲ್ಲವೇನೋ ಕತ್ತೆ" ಎಂದು ಬೈದೆ. "ಇರ್ಲಿ ಬಿಡ್ರಿ ಸರ್, ನಿಮ್ಮ ಹತ್ರ ಇದ್ರ ಭದ್ರ" ಅಂದ. ಇನ್ನಷ್ಟು ಬೈದೆ. ಬೈಯುತ್ತಾ ಕನ್ನಡಕ ಹುಡುಕಿ, ಆರೂ ಅಂಕಿಗಳನ್ನು ನಿಧಾನವಾಗಿ, ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿ ಹೇಳಿದೆ.