ಹದಿಮೂರೋ ಹದಿನಾರೋ?

ಹೊಸದುರ್ಗದ ನಮ್ಮ ಮನೆಯಲ್ಲಿ ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 9 ಅಡಿ 6 ಇಂಚು. ಅಂದರೆ 2896 ಮಿ.ಮೀ. ಇದನ್ನು 13ರಿಂದ ಭಾಗಿಸಬೇಕೋ 16ರಿಂದ ಭಾಗಿಸಬೇಕೋ ಅನ್ನೋದೇ ಹೋದ ಬೇಸಿಗೆಯಲ್ಲಿ ನಮ್ಮನೆಯ ದೊಡ್ಡ ಚರ್ಚೆ. ನಗಬೇಡಿ, ಅಪ್ಪನ ಎಡ ಮಂಡಿ ಈ ಭಾಗಾಕಾರದ ಮೇಲೇ ನಿಂತಿತ್ತು.

ನಮ್ಮ ಕಡೆ ತೆಂಗು ಬೆಳೆಯುವವರ ಮನೆ ನೋಡಿದವರಿಗೆ ಗೊತ್ತಿರುತ್ತೆ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಮ್ಮಿ ವರ್ಷ ಕಾಯಬೇಕು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಪ್ಪ ನಾಲ್ಕು ದಿನಕ್ಕೊಮ್ಮೆ ಮೇಲೆ ಹತ್ತಿ ಒಂದೆರಡು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸದಿದ್ದರೆ ಅವರಿಗೆ ಊಟ ಸೇರಲ್ಲ. ಹತ್ತುತ್ತಿದ್ದದ್ದು ಮರದ ಏಣಿ. ಮನೆ ಕಟ್ಟಿಸುವಾಗ "ಮುಂದೆ ಮೆಟ್ಟಿಲಿಗೆ ಆಗುತ್ತೆ" ಅಂತ ತಾರಸಿಯಲ್ಲಿ ಹತ್ತೂವರೆ ಅಡಿ ಉದ್ದ, ಮೂರೂವರೆ ಅಡಿ ಅಗಲದ ಖಾಲಿ ಜಾಗ ಬಿಡಿಸಿದ್ದರು. ಆ "ಮುಂದೆ" ಬರೋದರೊಳಗೆ ಮಂಡಿ ಸವೆಯಿತು. ಹತ್ತಬೇಡಿ ಅಂದರೆ ಕೇಳುವ ಪೈಕಿ ಅಲ್ಲ.

ಕಾಂಕ್ರೀಟಿಂದಲೇ ಕಟ್ಟಿಸಬಹುದಿತ್ತಲ್ಲ ಅಂತೀರಾ? ಸೆಂಟ್ರಿಂಗ್, ಕ್ಯೂರಿಂಗ್ ಅಂತ ವಾರಗಟ್ಟಲೆ ಹಾಲಿನೊಳಗೆ ಕಂಬಗಳ ಕಾಡು. ನನಗಿದ್ದದ್ದು ಆರು ದಿನ ರಜೆ. ಹಾಗಾಗಿ ಕಿಟ್: ಒಂದಕ್ಕೊಂದು ಸಿಕ್ಕಿಸುವ ಉಕ್ಕಿನ ತುಂಡುಗಳು, ಮೇಲೆ ಮರದ ಹಲಗೆ, ಪಕ್ಕದಲ್ಲಿ ಕಂಬಿ.

ಮಾರುವವನು ಫೋನಿನಲ್ಲಿ ಹೇಳಿದ್ದು, "ಸಾರ್, 13 ಸ್ಟೆಪ್ ಸ್ಟ್ಯಾಂಡರ್ಡು, ಎಲ್ಲಾ ಮನೆಗೂ ಕೂರುತ್ತೆ." ಕೂರುತ್ತೆ ನಿಜ, ಆದರೆ ಹತ್ತೋರಿಗೆ? 2896 ಭಾಗಿಸು 13, ಒಂದೊಂದು ಮೆಟ್ಟಿಲು 223 ಮಿ.ಮೀ. ಎತ್ತರ, ಹತ್ತಿರ ಹತ್ತಿರ ಒಂಬತ್ತು ಇಂಚು. ಹಲಗೆ 225. ನಮ್ಮ ದೇಶದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗಳಿಗೆ ಹೇಳುವುದು ಎತ್ತರ 190 ಮೀರಬಾರದು, ಹಲಗೆ 250ಕ್ಕೆ ಕಮ್ಮಿ ಇರಬಾರದು ಅಂತ. ಇನ್ನೊಂದು ಹಳೇ ಸೂತ್ರವೂ ಇದೆ. ಫ್ರಾನ್ಸಿನ ಬ್ಲಾಂಡೆಲ್ ಅನ್ನುವ ವಾಸ್ತುಶಿಲ್ಪಿ 17ನೇ ಶತಮಾನದಲ್ಲೇ ಮನುಷ್ಯ ಹೆಜ್ಜೆ ಹಾಕುವ ರೀತಿ ನೋಡಿ ಹೇಳಿದ್ದು: ಎತ್ತರದ ಎರಡರಷ್ಟಕ್ಕೆ ಹಲಗೆಯ ಅಗಲ ಕೂಡಿಸಿದರೆ ಒಂದು ಹೆಜ್ಜೆಯಷ್ಟು ಬರಬೇಕು. ಈಗಿನವರು ಅದನ್ನು 600ರಿಂದ 640 ಮಿ.ಮೀ. ಅಂತ ಇಟ್ಟುಕೊಂಡಿದ್ದಾರೆ. ಮಾರುವವನ ಲೆಕ್ಕದಲ್ಲಿ 671 ಬಂತು. 16ರಿಂದ ಭಾಗಿಸಿದರೆ? ಸರಿಯಾಗಿ 181, ಒಂದು ಮಿಲಿಮೀಟರೂ ಉಳಿಯಲಿಲ್ಲ. 250ರ ಹಲಗೆ ಹಾಕಿದರೆ 612. ಇಂಜಿನಿಯರಿಂಗ್ ಓದಿದ್ದಕ್ಕೆ ಅಷ್ಟು ಸಂತೋಷ ಆಫೀಸಿನಲ್ಲಿ ಯಾವತ್ತೂ ಆಗಿರಲಿಲ್ಲ :)

17 ಮಾಡಿದರೆ ಇನ್ನೂ ಸುಲಭವಲ್ಲವೇ ಅಂತ ಅಮ್ಮ ಕೇಳಿದರು. ಸುಲಭವೇ, ಆದರೆ ಗೋಡೆ ಇರೋದು ಹದಿನೈದೂವರೆ ಅಡಿ. ಒಂದು ಹಲಗೆ ಹೆಚ್ಚಾದರೆ ಬುಡದಲ್ಲಿ ಬಾಗಿಲ ಮುಂದೆ ನಿಲ್ಲೋ ಜಾಗ ಎರಡೂಕಾಲು ಅಡಿಗೆ ಇಳಿಯುತ್ತೆ. 16ಕ್ಕೆ ಮೂರಡಿ ಚಿಲ್ಲರೆ ಉಳಿಯುತ್ತೆ. ತಲೆ ಬಡಿಯುತ್ತಾ ಅನ್ನೋದನ್ನೂ ನೋಡಬೇಕಿತ್ತು. ಮೇಲಿಂದ ಹದಿಮೂರನೇ ಮೆಟ್ಟಿಲ ಅಂಚಿನಲ್ಲಿ ನಿಂತರೆ ತಾರಸಿಯ ತಳ 2203 ಮಿ.ಮೀ. ಮೇಲಿರುತ್ತೆ. ಬೇಕಾದ್ದು 2200. ಅಪ್ಪ ಅಂದಾಜಿನಲ್ಲಿ ಬಿಡಿಸಿದ್ದ ಹತ್ತೂವರೆ ಅಡಿ!

ಅಳತೆಯ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಟೇಪು ಹಿಡಿದಾಗ ಸಿಕ್ಕಿದ್ದು 9 ಅಡಿ 4 ಇಂಚು. ಮೇಲಿನ ನೆಲಕ್ಕೆ ಟೈಲ್ಸ್ ಇನ್ನೂ ಹಾಕಿಸಿರಲಿಲ್ಲ. ಗಾರೆ, ಟೈಲ್ಸ್ ಸೇರಿ ಎರಡು ಇಂಚು. ಅದನ್ನು ಮೊದಲೇ ಕೂಡಿಸದಿದ್ದರೆ ಕೊನೆಯ ಮೆಟ್ಟಿಲೊಂದೇ ಎರಡು ಇಂಚು ಎತ್ತರವಾಗುತ್ತೆ, ಎಡವೋದು ಅಲ್ಲೇ. ಕೆಳಗಿನ ಕೆಂಪು ಗಾರೆ ನೆಲ ಕಣ್ಣಿಗೆ ಮಟ್ಟ ಕಂಡರೂ ನಂಬಲಿಲ್ಲ. ಮೇಸ್ತ್ರಿ ಹತ್ತಿರ ನೀರಿನ ಟ್ಯೂಬ್ ಇಸಕೊಂಡು ಬಂದು ನೋಡಿದರೆ ಹಾಲಿನ ಆ ತುದಿಗೂ ಈ ತುದಿಗೂ 12 ಮಿ.ಮೀ. ವ್ಯತ್ಯಾಸ. ಎತ್ತರವನ್ನು ಮೆಟ್ಟಿಲ ಬುಡ ಕೂರುವ ಜಾಗದಿಂದಲೇ ಹಿಡಿಯಬೇಕು, ತಾರಸಿ ಅಂಚಿನ ಕೆಳಗಿಂದ ಅಲ್ಲ.

ಮೂರು ತುಂಡು ಹೆಚ್ಚಿಗೆ ಬೇಕು, ಹಲಗೆ 250ರದ್ದೇ ಬೇಕು ಅಂದಾಗ ಮಾರುವವನು ಗೊಣಗಿದ, ಆದರೂ ಕಳಿಸಿದ. ಬೆಂಗಳೂರಿಂದ ಹಿರಿಯೂರಿನವರೆಗೆ ಲಾರಿ, ಅಲ್ಲಿಂದ ಗೂಡ್ಸ್ ಆಟೋ. ಆಂಕರ್ ಬೋಲ್ಟ್ ತರೋಕೆ ಚಿತ್ರದುರ್ಗಕ್ಕೆ ಹೋದವನು ಕೋಟೆಗೂ ಹೋಗಿಬಂದೆ. ಅಲ್ಲಿನ ಬಂಡೆಗಳ ಮೇಲೆ ಕಾಲ ತುದಿ ಇಡುವಷ್ಟೇ ಕೊರೆದ ಗುಳಿಗಳಿವೆಯಲ್ಲ, ಒಂದರ ಹಾಗೆ ಇನ್ನೊಂದಿಲ್ಲ. ಹತ್ತಿ ಬರುವ ಶತ್ರುವಿಗೆ ಅದು ಸರಿ. ಅಪ್ಪನಿಗಲ್ಲ. (ಜ್ಯೋತಿರಾಜ್‌ಗಾದರೆ ಗುಳಿಯೂ ಬೇಡ ಬಿಡಿ.)

ಜೋಡಣೆಗೆ ಹೊಳಲ್ಕೆರೆಯಿಂದ ಚಿಕ್ಕಪ್ಪನ ಮಗ ಬಂದ. ಐಟಿಐ ಫಿಟ್ಟರ್, ಕೈ ನನಗಿಂತ ಚುರುಕು. ಮೇಲಿನ ತುಂಡನ್ನು ಮೊದಲು ತಾರಸಿಯ ಬೀಮಿಗೆ ಬಿಗಿದೆವು. ಇಟ್ಟಿಗೆಗೆ ಹೊಡೆದ ಆಂಕರ್ ಇಂಥ ಭಾರ ಹಿಡಿಯಲ್ಲ, ಕಾಂಕ್ರೀಟೇ ಆಗಬೇಕು. ಆಮೇಲೆ ಕೆಳಗೆ ಮರದ ಕಂಬ ಕೊಟ್ಟುಕೊಂಡು ಒಂದೊಂದಾಗಿ ಇಳಿಸುತ್ತಾ ಬಂದೆವು. ಪ್ರತಿ ತುಂಡನ್ನೂ ಹಿಂದಿನದರಿಂದ ಅಳೆದರೆ ಒಂದೊಂದು ಮಿ.ಮೀ. ತಪ್ಪೂ ಸೇರಿ ಕೊನೆಗೆ ಒಂದೂವರೆ ಸೆಂಟಿಮೀಟರ್ ಆಗಿಬಿಡುತ್ತೆ. ಅದಕ್ಕೆ ಉದ್ದದ ಒಂದು ರೀಪರ್ ಮೇಲೆ 181, 362, 543 ಅಂತ 2896ರವರೆಗೂ ಪೆನ್ಸಿಲ್ ಗುರುತು ಹಾಕಿ, ಅದನ್ನು ಬುಡದಲ್ಲಿ ನೆಟ್ಟಗೆ ನಿಲ್ಲಿಸಿ, ರಸಮಟ್ಟ ಇಟ್ಟು ಎಲ್ಲವನ್ನೂ ಅದಕ್ಕೇ ಹೋಲಿಸಿದೆವು. ಬೋಲ್ಟೆಲ್ಲ ಮೊದಲು ಕೈಬಿಗಿ ಮಾತ್ರ, ಪೂರ್ತಿ ಸಾಲು ಸರಿ ಕಂಡ ಮೇಲೆ ಸ್ಪ್ಯಾನರ್. ಕಿಟ್ಟಿನವರು ಹಲಗೆಗೊಂದೇ ಕಂಬಿ ಕೊಟ್ಟಿದ್ದರು. ಅಕ್ಕನ ಮಗುವಿಗೆ ಎರಡು ವರ್ಷ, ಆ ಸಂದಿನಲ್ಲಿ ಆರಾಮಾಗಿ ತೂರುತ್ತಾಳೆ. ಊರಿನ ವೆಲ್ಡರ್ ಹತ್ತಿರ ನಡುವೆ ಇನ್ನೆರಡೆರಡು ಕಂಬಿ ಮಾಡಿಸಿ ನಾಲ್ಕು ಇಂಚಿಗಿಂತ ಕಮ್ಮಿ ಸಂದು ಬರುವ ಹಾಗೆ ಮಾಡಿದೆವು.

ಎಲ್ಲ ಮುಗಿದ ಮೇಲೆ ಅಮ್ಮ ಅರಿಶಿನ ಕುಂಕುಮ ಹಚ್ಚಿ "ಲಾಭ, ನಷ್ಟ, ಲಾಭ, ನಷ್ಟ" ಅಂತ ಎಣಿಸುತ್ತಾ ಹತ್ತಿದರು. ಹದಿನಾರು ಅಂದರೆ ಸಮ ಸಂಖ್ಯೆ, ನಷ್ಟಕ್ಕೆ ನಿಲ್ಲುತ್ತೆ ಅನ್ನೋ ಭಯ ಅವರಿಗೆ ಮೊದಲಿಂದ ಇತ್ತು. ಆದರೆ ಏರು ಹದಿನಾರಾದರೂ ಹಲಗೆ ಹದಿನೈದೇ, ಹದಿನಾರನೆಯದು ತಾರಸಿಯೇ. ಹಲಗೆ ಎಣಿಸಿದರೆ ಲಾಭ, ತಾರಸಿ ಸೇರಿಸಿದರೆ ನಷ್ಟ. ಅಮ್ಮ ಹದಿನೈದನೆಯದರ ಮೇಲೆ ನಿಂತು ಸ್ವಲ್ಪ ಯೋಚಿಸಿ, "ತಾರಸಿ ಮೊದಲೇ ಇತ್ತಲ್ಲ, ಅದನ್ನ್ಯಾಕೆ ಎಣಿಸೋದು" ಅಂದರು. ಬೇಡಿಕೆ ವಿಶ್ಲೇಷಣೆ ಅಂತ ನಾವು ತಿಂಗಳುಗಟ್ಟಲೆ ಮೀಟಿಂಗ್ ಮಾಡೋದು ಇದಕ್ಕೇ ಅಲ್ವಾ!

ಅಪ್ಪ ಏನೂ ಹೇಳಲಿಲ್ಲ. ಸಂಜೆ ಕಂಬಿ ಹಿಡಿದುಕೊಂಡು, ಎಡಗಾಲು ಬಲಗಾಲು ಒಂದೇ ಮೆಟ್ಟಿಲಿಗೆ ಜೋಡಿಸದೆ, ಒಂದಾದ ಮೇಲೊಂದು ಇಟ್ಟು ಹತ್ತಿಹೋದರು. ಕಾಲು ಗಂಟೆ ಮೇಲಿಂದ ಗಡಗಡ ಸದ್ದು. ಇಳಿದು ಬಂದು, "ಹದಿನೈದು ದಿನಕ್ಕೆ ಆಳಿಗೆ ಹೇಳಬೋದು, ಮೂಲೇಲಿರೋವು ಒಣಗಿವೆ" ಅಂದು ಟಿವಿ ಹಾಕಿದರು.