ಯಂತ್ರ ಪಾಸು, ಅವ್ವ ನಪಾಸು

“ನೀವು ಮಾಡುವ ಕೆಲಸವಾದರೂ ಏನು?” ಎಂದು ನಮ್ಮ ಸಂಘದ ಹಿರಿಯರು ಕೇಳಿದಾಗಲೆಲ್ಲ ನಾನು ತಡವರಿಸುತ್ತೇನೆ. ಪುಣೆಗೆ ಬಂದು ಹದಿನೆಂಟು ವರ್ಷಗಳಾದುವು. ಹಿಂಜವಡಿಯ ಒಂದು ಕಂಪನಿಯಲ್ಲಿ ನೌಕರಿ. ಬೇರೆಯವರು ಕಟ್ಟಿದ ವೆಬ್‌ಸೈಟು ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಮೊದಮೊದಲು ಇದನ್ನು ಕೈಯಿಂದಲೇ ಮಾಡುತ್ತಿದ್ದೆವು: ಹೆಸರು ತುಂಬು, ಗುಂಡಿ ಒತ್ತು, ಉತ್ತರ ನೋಡು, ಮತ್ತೆ ಮೊದಲಿನಿಂದ ತುಂಬು. ಥೇಟು ಗಾಣದೆತ್ತಿನ ಬಾಳು. ಈಗ ಆ ಎತ್ತಿನ ಜಾಗದಲ್ಲಿ ಪೈಥಾನ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟು ನಿಂತಿದೆ.

ಇದರಲ್ಲಿ ಎರಡು ಬಗೆ. ‘ರಿಕ್ವೆಸ್ಟ್ಸ್’ ಎಂಬ ಲೈಬ್ರರಿಗೆ ಪುಟ ತೆರೆದು ನೋಡುವ ಗೊಡವೆಯಿಲ್ಲ. ನಮ್ಮ ಮನವಿಯನ್ನು ನೇರವಾಗಿ ಆ ಕಡೆಯ ಕಂಪ್ಯೂಟರಿಗೆ ಮುಟ್ಟಿಸಿ ಉತ್ತರ ತರುತ್ತದೆ. ಉತ್ತರದ ನೆತ್ತಿಯ ಮೇಲೆ 200 ಎಂದಿದ್ದರೆ ಸುಸೂತ್ರ. 404 ಎಂದಿದ್ದರೆ ಕೇಳಿದ ಪುಟ ಅಲ್ಲಿಲ್ಲ. ಎರಡನೆಯದು ‘ಸೆಲೆನಿಯಮ್’. ಇದು ಮನುಷ್ಯನಂತೆಯೇ ಬ್ರೌಸರು ತೆರೆದು, ಅಕ್ಷರ ಬರೆದು, ಗುಂಡಿ ಒತ್ತುತ್ತದೆ. 2004ರಲ್ಲಿ ಜೇಸನ್ ಹಗಿನ್ಸ್ ಎಂಬಾತ ಅಮೆರಿಕದ ಥಾಟ್‌ವರ್ಕ್ಸ್ ಕಂಪನಿಯಲ್ಲಿದ್ದಾಗ ಇದನ್ನು ಹುಟ್ಟುಹಾಕಿದ. ಆಗ ಈ ಕಸುಬಿನಲ್ಲಿ ಮರ್ಕ್ಯುರಿ ಎಂಬ ಕಂಪನಿಯ ಹೆಸರು ದೊಡ್ಡದು. ಮರ್ಕ್ಯುರಿ ಎಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಮ್ ಮದ್ದು ಎಂದು ತಮಾಷೆಗೆ ಇಟ್ಟ ಹೆಸರು ಹಾಗೆಯೇ ಅಂಟಿಕೊಂಡಿತು.

ಹೋದ ವರ್ಷ ರಕ್ತಪರೀಕ್ಷೆಗೆ ಸಮಯ ಗೊತ್ತುಮಾಡಿಕೊಳ್ಳುವ ವೆಬ್‌ಸೈಟೊಂದರ ತಪಾಸಣೆ ನನ್ನ ಪಾಲಿಗೆ ಬಂತು. ದಿನಾ ರಾತ್ರಿ ನನ್ನ ಸ್ಕ್ರಿಪ್ಟು 300 ಫಾರಮು ತುಂಬುತ್ತಿತ್ತು. ವಯಸ್ಸಿನ ಜಾಗದಲ್ಲಿ ಅಕ್ಷರ, ಫೋನಿಗೆ ಒಂಬತ್ತೇ ಅಂಕಿ, ಹೆಸರೇ ಇಲ್ಲದ ಅರ್ಜಿ, ಹೀಗೆ ಎಲ್ಲ ಕಿಡಿಗೇಡಿತನವನ್ನೂ ಅದಕ್ಕೆ ಕಲಿಸಿದ್ದೆ. ಬೆಳಿಗ್ಗೆ ನೋಡಿದರೆ 300ಕ್ಕೆ 300ರ ಮುಂದೆಯೂ ಹಸಿರು ಗುರುತು. ನಾನು ಬೀಗಿದ್ದೇ ಬೀಗಿದ್ದು.

ಅದೇ ತಿಂಗಳು ಧಾರವಾಡದಿಂದ ಅವ್ವ ಕೋಥರೂಡದ ನಮ್ಮ ಮನೆಗೆ ಬಂದಳು. ಸಕ್ಕರೆ ಕಾಯಿಲೆ, ರಕ್ತ ತೋರಿಸಬೇಕಿತ್ತು. “ನೀ ಸುಮ್ಮನ ಕೂಡು, ನಾನ ತುಂಬತೀನಿ” ಎಂದು ಕನ್ನಡಕ ಏರಿಸಿದಳು. ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳು. ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ. ಬರೆದದ್ದನ್ನು ಇನ್ನೊಮ್ಮೆ ಓದುವುದು. ನಡುವೆ ಡಾಕ್ಟರರ ಚೀಟಿಗಾಗಿ ಚೀಲ ತಡಕುವುದು. ಕೊನೆಯ ಗುಂಡಿ ಒತ್ತಿದಳು. ‘ಸಮಯ ಮುಗಿದಿದೆ, ಮೊದಲಿನಿಂದ ತುಂಬಿ’ ಎಂದು ಉತ್ತರ ಬಂತು, ಬರೆದುದೆಲ್ಲ ಅಳಿಸಿಹೋಗಿತ್ತು. ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ನನ್ನ ಮುಖ ನೋಡಿ ಕೇಳಿದಳು: “ನಾ ಏನ ತಪ್ಪ ಮಾಡಿದೆನೋ ತಮ್ಮಾ?”

ಸಾವಿರಾರು ಮಕ್ಕಳ ಉತ್ತರಪತ್ರಿಕೆ ತಿದ್ದಿದವಳ ಬಾಯಲ್ಲಿ ಈ ಮಾತು! ನನಗೆ ತಲೆ ಎತ್ತಲಾಗಲಿಲ್ಲ.

ಕಾರಣ ಸಿಕ್ಕುವುದು ತಡವಾಗಲಿಲ್ಲ. ಆ ಪುಟಕ್ಕೆ ಇಟ್ಟಿದ್ದ ಗಡುವು 5 ನಿಮಿಷ. ಯಾರೋ ಅರ್ಧ ತುಂಬಿ ಎದ್ದುಹೋದರೆ ಅವರ ವಿವರ ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂಬ ಒಳ್ಳೆಯ ಉದ್ದೇಶವೇ. ನನ್ನ ಸ್ಕ್ರಿಪ್ಟು ಇಡೀ ಫಾರಮನ್ನು 4 ಸೆಕೆಂಡಿನಲ್ಲಿ ಮುಗಿಸುತ್ತಿತ್ತು. ಗಡುವಿನ ಮುಖವನ್ನೇ ಅದು ಕಂಡಿರಲಿಲ್ಲ. ವಿಚಿತ್ರವೆಂದರೆ ‘ಸಮಯ ಮುಗಿದಿದೆ’ ಎಂಬ ಪುಟದ ನೆತ್ತಿಯ ಮೇಲೂ 200 ಎಂದೇ ಇತ್ತು. ಪುಟ ತಲುಪಿತಲ್ಲ, ಯಂತ್ರದ ಲೆಕ್ಕದಲ್ಲಿ ಎಲ್ಲವೂ ಕ್ಷೇಮ! ಅವ್ವನ ಹಾಗೆ ಬೇಸತ್ತು ಬಿಟ್ಟುಹೋದವರು ಎಷ್ಟು ಮಂದಿಯೋ. ಅಂಥವರು ದೂರನ್ನೂ ಬರೆಯುವುದಿಲ್ಲ. ದೂರು ಕೊಡುವುದಕ್ಕೂ ಒಂದು ಫಾರಮು ತುಂಬಬೇಕಲ್ಲ!

ಇದಕ್ಕೆ ನಿಯಮವಿಲ್ಲವೆಂದಲ್ಲ. ವೆಬ್‌ಸೈಟುಗಳು ಎಲ್ಲರ ಕೈಗೂ ಎಟುಕುವಂತಿರಬೇಕೆಂದು 2008ರಲ್ಲೇ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಒಂದು ದಾರಿ ಹೇಳಿದೆ: ಗಡುವು ಮುಗಿಯುವ ಮುನ್ನ ಎಚ್ಚರಿಸಿ, ಸುಲಭವಾದ ಒಂದು ಕ್ರಿಯೆಯಿಂದ ಅದನ್ನು ಮುಂದೂಡಲು ಕನಿಷ್ಠ 20 ಸೆಕೆಂಡು ಕೊಡಬೇಕು; ಹಾಗೆ ಹತ್ತು ಸಲವಾದರೂ ಮುಂದೂಡಲು ಬಿಡಬೇಕು. ಇದನ್ನು ನಾನು ಓದಿದ್ದೆ. ಓದಿ ಮರೆತಿದ್ದೆ.

ಮರುದಿನ ಸ್ಕ್ರಿಪ್ಟಿಗೆ ಒಂದು ಹೊಸ ಪರೀಕ್ಷೆ ಸೇರಿಸಿದೆ. ಪ್ರತಿ ಅಕ್ಷರಕ್ಕೂ 4 ಸೆಕೆಂಡು ಕಾಯಬೇಕು. 120 ಅಕ್ಷರಕ್ಕೆ 8 ನಿಮಿಷ. ಅಂದು ರಾತ್ರಿ ಮೊದಲ ಸಲ ಕೆಂಪು ಗುರುತು ಬಿತ್ತು. ಅದನ್ನು ತೋರಿಸಿದ ಮೇಲೆ ಸೈಟಿನವರು ತಿಂಗಳೊಳಗೆ ಪುಟವನ್ನು ತಿದ್ದಿದರು. ಅಷ್ಟರಲ್ಲಿ ಅವ್ವ ಖುದ್ದಾಗಿ ಹೋಗಿ ಸಾಲಿನಲ್ಲಿ ನಿಂತು ರಕ್ತ ಕೊಟ್ಟು, ಧಾರವಾಡಕ್ಕೆ ಮರಳಿದ್ದಳು.

ಆ ಪರೀಕ್ಷೆಗೆ ನಾನು ‘ಅವ್ವ’ ಎಂದೇ ಹೆಸರಿಟ್ಟಿದ್ದೇನೆ. ನಮ್ಮ ಮರಾಠಿ ಗೆಳೆಯರೂ ಹಾಗೆಯೇ ಕರೆಯುತ್ತಾರೆ. “ಉಳಿದದ್ದೆಲ್ಲ ಬೇಗ ಮುಗಿಯುತ್ತದೆ, ಇದೊಂದಕ್ಕಾಗಿ ಕಾಯಬೇಕು, ತೆಗೆದುಬಿಡೋಣವೇ?” ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಬೇಡ, ಕಾಯೋಣ ಎನ್ನುತ್ತೇನೆ.